ನಿಮ್ಮ ಬ್ರೌಸರ್‌ನಿಂದ ಯಾರಿಗೆ ಏನು ಹೋಗುತ್ತಿದೆ: ನೋಡಲು, ತಡೆಯಲು, ಬೇರ್ಪಡಿಸಲು ಒಂದು ಸಮಗ್ರ ಮಾರ್ಗದರ್ಶಿ

2006ರ ಆಗಸ್ಟ್‌ನಲ್ಲಿ ಅಮೆರಿಕದ ಅಂತರ್ಜಾಲ ಸೇವಾ ಕಂಪನಿ ಎಒಎಲ್ ಸಂಶೋಧಕರಿಗೆ ನೆರವಾಗಲೆಂದು, ಸುಮಾರು ಆರೂವರೆ ಲಕ್ಷ ಬಳಕೆದಾರರು ಮೂರು ತಿಂಗಳ ಅವಧಿಯಲ್ಲಿ ನಡೆಸಿದ್ದ ಎರಡು ಕೋಟಿಯಷ್ಟು ಹುಡುಕಾಟಗಳನ್ನು ಬಹಿರಂಗಪಡಿಸಿತು. ಹೆಸರುಗಳನ್ನು ತೆಗೆದುಹಾಕಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆಯನ್ನು ನೀಡಲಾಗಿತ್ತು. ಆದರೂ ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರು ಅಂಥ ಒಂದು ಸಂಖ್ಯೆಯ ಹಿಂದಿದ್ದ ಜಾರ್ಜಿಯಾ ರಾಜ್ಯದ ಹಿರಿಯ ಮಹಿಳೆಯನ್ನು ಗುರುತಿಸಿ ಮಾತನಾಡಿಸಿದರು. ಆಕೆ ಹುಡುಕಿದ್ದ ಊರಿನ ಹೆಸರು, ಬಂಧುಗಳ ಹೆಸರು, ದೇಹದ ನೋವುಗಳು, ಸಾಕುನಾಯಿಯ ತೊಂದರೆ ಇವಿಷ್ಟೇ ಅವರಿಗೆ ಸಾಕಾಗಿದ್ದವು. 2020ರಲ್ಲಿ, ಫೈರ್‌ಫಾಕ್ಸ್ ಬ್ರೌಸರ್ ರೂಪಿಸುವ ಮೊಜಿಲ್ಲಾದ ಸಂಶೋಧಕರು ಸುಮಾರು 52,000 ಫೈರ್‌ಫಾಕ್ಸ್ ಬಳಕೆದಾರರು ಒಪ್ಪಿಗೆ ಕೊಟ್ಟು ಹಂಚಿಕೊಂಡ ಮಾಹಿತಿಯನ್ನು ಪರಿಶೀಲಿಸಿದಾಗ, ಅವರಲ್ಲಿ ಶೇ 99ರಷ್ಟು ಮಂದಿಯ ಬ್ರೌಸಿಂಗ್ ಚರಿತ್ರೆ ಬೇರೆ ಯಾರದ್ದಕ್ಕೂ ಹೊಂದದಷ್ಟು ವಿಶಿಷ್ಟವಾಗಿತ್ತು.

ಈ ಎರಡು ಪ್ರಕರಣಗಳಲ್ಲಿ ವ್ಯಕ್ತಿಯನ್ನು ಬಯಲಿಗೆಳೆದದ್ದು ಯಾವುದೋ ಒಂದು ಗುಟ್ಟಿನ ಪುಟವಲ್ಲ, ಸಾಮಾನ್ಯವಾದ ಹಲವು ಸಂಗತಿಗಳು ಒಂದೇ ಕಡೆ ಒಟ್ಟುಗೂಡಿದ್ದು. ಹೀಗಾಗಿ ಅಂತರ್ಜಾಲದಲ್ಲಿ ಪೂರ್ತಿ ಮರೆಯಾಗಲು ಹೆಣಗುವುದಕ್ಕಿಂತ, ನಮ್ಮ ಬದುಕಿನ ಬೇರೆ ಬೇರೆ ಭಾಗಗಳು ಒಬ್ಬರ ಕೈಯಲ್ಲಿ ಒಟ್ಟುಗೂಡದಂತೆ ನೋಡಿಕೊಳ್ಳುವುದು ಹೆಚ್ಚು ಸಾಧ್ಯವಾದ ಮತ್ತು ಹೆಚ್ಚು ಫಲ ಕೊಡುವ ಕೆಲಸ ಎಂಬುದು ನನ್ನ ದೃಢ ನಂಬಿಕೆ. ಮುಂದಿನ ಹಂತಗಳೆಲ್ಲವೂ ಆ ದಿಕ್ಕಿನಲ್ಲೇ ಸಾಗುತ್ತವೆ. ಇವಕ್ಕೆ ಒಂದು ಲ್ಯಾಪ್‌ಟಾಪ್, ಒಂದು ಆಂಡ್ರಾಯ್ಡ್ ಫೋನ್, ಬರೆದುಕೊಳ್ಳಲು ಒಂದು ಹಾಳೆ ಮತ್ತು ಬಿಡುವಿನ ಒಂದು ಮಧ್ಯಾಹ್ನ ಸಾಕು.

ಹಂತ 1: ಮೊದಲು ಕಣ್ಣಾರೆ ನೋಡಿ

ಸೆಟ್ಟಿಂಗ್‌ಗಳನ್ನು ಬದಲಿಸುವ ಮೊದಲು ಈಗ ಏನಾಗುತ್ತಿದೆ ಎಂಬುದನ್ನು ನೋಡಬೇಕು. ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್ ಅಥವಾ ಫೈರ್‌ಫಾಕ್ಸ್ ತೆರೆದು ಎಫ್12 ಕೀಲಿಯನ್ನು ಒತ್ತಿದರೆ, ಪುಟದ ಬದಿಯಲ್ಲೋ ಕೆಳಗೋ ತಂತ್ರಜ್ಞರು ಬಳಸುವ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ‘ನೆಟ್‌ವರ್ಕ್’ ಎಂಬ ವಿಭಾಗವನ್ನು ಆರಿಸಿ, ನೀವು ದಿನವೂ ಓದುವ ಸುದ್ದಿತಾಣದ ವಿಳಾಸವನ್ನು ಬರೆದು ಎಂಟರ್ ಒತ್ತಿ. ಪುಟ ಮೂಡುವಾಗ ನಿಮ್ಮ ಬ್ರೌಸರ್ ಯಾವ ಯಾವ ಸರ್ವರ್‌ಗಳನ್ನು, ಅಂದರೆ ಮಾಹಿತಿ ಕಳಿಸುವ ದೂರದ ಗಣಕಗಳನ್ನು, ಸಂಪರ್ಕಿಸಿತು ಎಂಬ ಪಟ್ಟಿ ಸಾಲುಸಾಲಾಗಿ ಕಾಣಿಸುತ್ತದೆ. ಫೈರ್‌ಫಾಕ್ಸ್‌ನಲ್ಲಿ ‘ಡೊಮೇನ್’ ಎಂಬ ಅಂಕಣ ಮೊದಲೇ ಇರುತ್ತದೆ. ಕ್ರೋಮ್‌ನಲ್ಲಿ ಪಟ್ಟಿಯ ತಲೆಬರಹದ ಮೇಲೆ ಬಲ ಕ್ಲಿಕ್ ಮಾಡಿ ಅದನ್ನು ಸೇರಿಸಿಕೊಳ್ಳಬೇಕು.

ಆ ಅಂಕಣವನ್ನು ನಿಧಾನವಾಗಿ ಓದಿ. ನೀವು ಕರೆದದ್ದು ಒಂದೇ ತಾಣವನ್ನಾದರೂ ಅಲ್ಲಿ ಜಾಹೀರಾತು ಕಂಪನಿಗಳು, ಓದುಗರ ಎಣಿಕೆ ಮಾಡುವ ಸಂಸ್ಥೆಗಳು, ಸಾಮಾಜಿಕ ಜಾಲತಾಣಗಳು ಹೀಗೆ ನೀವು ಕರೆಯದ ಹಲವರ ಹೆಸರುಗಳು ಇರುವ ಸಾಧ್ಯತೆಯೇ ಹೆಚ್ಚು. ಇವರನ್ನು ‘ಥರ್ಡ್ ಪಾರ್ಟಿ’ ಎನ್ನುತ್ತಾರೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಅವರು ರೂಪಿಸಿದ ಕುಕಿ, ಅಂದರೆ ತಾಣವೊಂದು ನಿಮ್ಮ ಬ್ರೌಸರ್‌ನಲ್ಲಿ ಇಟ್ಟು ಹೋಗುವ ಪುಟ್ಟ ಗುರುತು, ಮೊದಲಿಗೆ ಒಂದು ತಾಣವು ತನ್ನ ಭೇಟಿಗಾರನನ್ನು ನೆನಪಿಡಲೆಂದು ಹುಟ್ಟಿದ್ದು. ಆದರೆ ಒಂದೇ ಜಾಹೀರಾತು ಕಂಪನಿ ನೂರಾರು ತಾಣಗಳಲ್ಲಿ ಹಾಜರಿದ್ದು ಎಲ್ಲೆಡೆಯೂ ತನ್ನ ಒಂದೇ ಗುರುತನ್ನು ಓದತೊಡಗಿದಾಗ, ನೀವು ಎಲ್ಲೆಲ್ಲಿ ಓಡಾಡಿದಿರಿ ಎಂಬ ದಾಖಲೆ ಅದರ ಬಳಿ ತಾನಾಗಿಯೇ ಬೆಳೆಯುತ್ತದೆ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸ್ಟೀವನ್ ಎಂಗಲ್‌ಹಾರ್ಟ್ ಮತ್ತು ಅರವಿಂದ್ ನಾರಾಯಣನ್ ಅವರು 2016ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಲೇಬೇಕು. ಹತ್ತು ಲಕ್ಷ ತಾಣಗಳನ್ನು ಯಂತ್ರದ ಮೂಲಕ ತೆರೆದು ನೋಡಿದ ಅವರಿಗೆ, ಕನಿಷ್ಠ ಎರಡು ತಾಣಗಳಲ್ಲಿ ಹಾಜರಿದ್ದ 81,000ಕ್ಕೂ ಹೆಚ್ಚು ಥರ್ಡ್ ಪಾರ್ಟಿಗಳು ಸಿಕ್ಕವು. ಅವುಗಳಲ್ಲಿ ಶೇ 1ಕ್ಕಿಂತ ಹೆಚ್ಚು ತಾಣಗಳನ್ನು ತಲುಪಿದ್ದವು 123 ಮಾತ್ರ. ಸುದ್ದಿತಾಣಗಳಲ್ಲಿ ಟ್ರ್ಯಾಕರ್‌ಗಳು, ಅಂದರೆ ಓಡಾಟವನ್ನು ಹೀಗೆ ಹಿಂಬಾಲಿಸುವ ಹೊರಗಿನವರು, ಎಲ್ಲಕ್ಕಿಂತ ಹೆಚ್ಚಿದ್ದವು. ಬಹಳ ದೂರ ಕೈ ಚಾಚಬಲ್ಲವರು ಬೆರಳೆಣಿಕೆಯಷ್ಟು ಮಂದಿ ಎಂಬುದು ನಮಗೆ ಅನುಕೂಲವೇ, ಏಕೆಂದರೆ ಅಷ್ಟು ಮಂದಿಯನ್ನು ತಡೆದರೂ ದೊಡ್ಡ ಪಾಲು ನಿಲ್ಲುತ್ತದೆ.

ಈಗ ಹಾಳೆಯಲ್ಲಿ ಮೂರು ಅಂಕಣ ಎಳೆದು, ತಾಣದ ಹೆಸರು, ಅಲ್ಲಿ ಕಂಡ ಹೊರಗಿನವರು, ಆ ಪುಟದಲ್ಲಿ ನೀವು ಏನು ಮಾಡುತ್ತಿದ್ದಿರಿ ಎಂಬುದನ್ನು ಬರೆದುಕೊಳ್ಳಿ. ಒಂದು ಸುದ್ದಿತಾಣ, ಒಂದು ಖರೀದಿ ತಾಣ, ನಿಮ್ಮ ಬ್ಯಾಂಕಿನ ಲಾಗಿನ್ ಪುಟ, ಆರೋಗ್ಯದ ಬಗ್ಗೆ ಓದುವ ಒಂದು ತಾಣ ಇಷ್ಟನ್ನು ನೋಡಿದರೆ ಸಾಕು. ಈಚಿನ ವರ್ಷಗಳಲ್ಲಿ ಬ್ರೌಸರ್‌ಗಳು ಹೊರಗಿನ ಸರ್ವರ್‌ಗೆ ನೀವಿರುವ ಪುಟದ ಪೂರ್ಣ ವಿಳಾಸವನ್ನು ಕೊಡದೆ ತಾಣದ ಹೆಸರನ್ನಷ್ಟೇ ತಿಳಿಸುತ್ತವೆ. ಆದರೆ ಹೊರಗಿನವರ ಸ್ಕ್ರಿಪ್ಟ್, ಅಂದರೆ ಅವರು ಬರೆದ ಪುಟ್ಟ ಪ್ರೋಗ್ರಾಂ, ಪುಟದೊಳಗೇ ಓಡುತ್ತಿದ್ದರೆ ಅದು ಪೂರ್ಣ ವಿಳಾಸವನ್ನು ತಾನೇ ಓದಿಕೊಳ್ಳಬಲ್ಲದು. ಹಾಗಾಗಿ ಸುದ್ದಿತಾಣದಲ್ಲಿ ಮೂವತ್ತು ಟ್ರ್ಯಾಕರ್ ಕಂಡರೆ ಬೇಸರಪಡಬಹುದು. ಕಾಯಿಲೆಯ ಹೆಸರೇ ವಿಳಾಸದಲ್ಲಿರುವ ಪುಟದಲ್ಲಿ ಎರಡು ಕಂಡರೂ ಗಂಭೀರವಾಗಿ ಪರಿಗಣಿಸಬೇಕು.

ಹಂತ 2: ಹೊರಗಿನವರ ಕುಕಿಗಳನ್ನು ನಿಲ್ಲಿಸಿ

ಆಪಲ್‌ನ ಸಫಾರಿ 2020ರ ಮಾರ್ಚ್‌ನಿಂದ ಥರ್ಡ್ ಪಾರ್ಟಿ ಕುಕಿಗಳನ್ನು ಪೂರ್ತಿಯಾಗಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಎಲ್ಲ ಬಳಕೆದಾರರಿಗೂ ತಾನಾಗಿಯೇ ಒದಗಿಸತೊಡಗಿದ ವ್ಯವಸ್ಥೆಯು ಪ್ರತಿ ತಾಣದ ಕುಕಿಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಂತೆ ಕೆಲಸ ಮಾಡುತ್ತದೆ. ಒಂದು ತಾಣದಲ್ಲಿ ಇಟ್ಟ ಗುರುತನ್ನು ಅದೇ ಜಾಹೀರಾತು ಕಂಪನಿ ಇನ್ನೊಂದು ತಾಣದಲ್ಲಿ ಓದಲಾಗದು. ಗೂಗಲ್ ಮಾತ್ರ ಕ್ರೋಮ್‌ನಿಂದ ಈ ಕುಕಿಗಳನ್ನು ತೆಗೆಯುವುದಾಗಿ 2020ರ ಜನವರಿಯಲ್ಲಿ ಘೋಷಿಸಿ, ಗಡುವನ್ನು ಮತ್ತೆ ಮತ್ತೆ ಮುಂದೂಡಿ, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಹೀಗಾಗಿ ಕ್ರೋಮ್ ಬಳಸುವವರು ಈ ಕೆಲಸವನ್ನು ತಾವೇ ಮಾಡಿಕೊಳ್ಳಬೇಕು.

ಕ್ರೋಮ್‌ನಲ್ಲಿ ಮೂರು ಚುಕ್ಕಿಗಳ ಮೆನು ತೆರೆದು, ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯೂರಿಟಿ, ಥರ್ಡ್ ಪಾರ್ಟಿ ಕುಕೀಸ್ ಎಂಬ ದಾರಿಯಲ್ಲಿ ಹೋಗಿ ತಡೆಯುವ ಆಯ್ಕೆಯನ್ನು ಆರಿಸಿ. ಫೋನಿನ ಕ್ರೋಮ್‌ನಲ್ಲಿ ಇದೇ ಆಯ್ಕೆ ಸೈಟ್ ಸೆಟ್ಟಿಂಗ್ಸ್‌ನ ಒಳಗಿರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯೂರಿಟಿ ಪುಟದಲ್ಲಿರುವ ‘ಸ್ಟ್ರಿಕ್ಟ್’ ಮಟ್ಟವನ್ನು ಆರಿಸಿಕೊಳ್ಳಬಹುದು. ಅಪರೂಪಕ್ಕೆ ಪಾವತಿಯ ಪುಟವೋ ಲಾಗಿನ್ ಪುಟವೋ ಕೆಲಸ ಮಾಡದೆ ನಿಲ್ಲುತ್ತದೆ. ಆಗ ತಡೆಯನ್ನು ಎಲ್ಲ ತಾಣಗಳಿಗೂ ತೆಗೆದುಹಾಕದೆ, ವಿಳಾಸಪಟ್ಟಿಯ ಬಳಿಯಿರುವ ಚಿಹ್ನೆಯನ್ನು ಒತ್ತಿ ಆ ಒಂದು ತಾಣಕ್ಕೆ ಮಾತ್ರ ಸಡಿಲಿಸಿ.

ಕುಕಿಯನ್ನು ತಡೆದರೂ ಟ್ರ್ಯಾಕರ್‌ನ ಸ್ಕ್ರಿಪ್ಟ್ ಪುಟದಲ್ಲಿ ಓಡುತ್ತಲೇ ಇರುತ್ತದೆ. ಅದನ್ನೂ ನಿಲ್ಲಿಸಲು ರೇಮಂಡ್ ಹಿಲ್ ಅವರು ರೂಪಿಸಿರುವ ಯುಬ್ಲಾಕ್ ಒರಿಜಿನ್ ಎಂಬ ಉಚಿತ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ, ನನ್ನ ಮೊದಲ ಆಯ್ಕೆ. ಫೈರ್‌ಫಾಕ್ಸ್‌ನಲ್ಲಿ, ಅದರ ಆಂಡ್ರಾಯ್ಡ್ ಆವೃತ್ತಿಯಲ್ಲೂ ಸೇರಿದಂತೆ, ಅದು ಪೂರ್ಣ ಬಲದಿಂದ ಕೆಲಸ ಮಾಡುತ್ತದೆ. ಕ್ರೋಮ್ ತನ್ನ ಎಕ್ಸ್‌ಟೆನ್ಷನ್ ನಿಯಮಗಳನ್ನು ಬದಲಿಸಿದ ಬಳಿಕ ಅಲ್ಲಿ ‘ಲೈಟ್’ ಆವೃತ್ತಿಯೊಂದೇ ಉಳಿದಿದೆ; ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು. ಇಷ್ಟನ್ನು ಮಾಡಿದ ಮೇಲೆ ಮೊದಲ ಹಂತದ ತಾಣಗಳನ್ನು ಮತ್ತೆ ತೆರೆದು, ಹಾಳೆಯಲ್ಲಿ ಯಾವ ಹೆಸರುಗಳು ಅಳಿದವು, ಯಾವುವು ಉಳಿದವು ಎಂಬುದನ್ನು ಗುರುತು ಹಾಕಿಕೊಳ್ಳಿ.

ಹಂತ 3: ಕುಕಿ ಇಲ್ಲದೆಯೂ ಗುರುತಿಸುವ ವಿಧಾನವನ್ನು ಅರಿಯಿರಿ

ಪರದೆಯ ಅಳತೆ, ಸಮಯವಲಯ, ಭಾಷೆ, ಅಳವಡಿಸಿರುವ ಅಕ್ಷರಶೈಲಿಗಳು, ಚಿತ್ರ ಬಿಡಿಸುವಾಗ ಯಂತ್ರ ತೋರುವ ಸೂಕ್ಷ್ಮ ವ್ಯತ್ಯಾಸಗಳು ಇವನ್ನೆಲ್ಲ ಜೋಡಿಸಿ ಒಂದು ಬ್ರೌಸರ್ ಅನ್ನು ಗುರುತಿಸುವುದಕ್ಕೆ ಫಿಂಗರ್‌ಪ್ರಿಂಟಿಂಗ್ ಎನ್ನುತ್ತಾರೆ. ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್‌ನ ಪೀಟರ್ ಎಕರ್ಸ್‌ಲಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,70,161 ಬ್ರೌಸರ್‌ಗಳ ಪೈಕಿ ಶೇ 83.6ರಷ್ಟು ವಿಶಿಷ್ಟವಾಗಿದ್ದವು. ಆದರೆ ಆ ಪರೀಕ್ಷೆಗೆ ಬಂದವರು ಖಾಸಗಿತನದ ಬಗ್ಗೆ ಮೊದಲೇ ಆಸಕ್ತಿಯಿದ್ದವರು. 2018ರಲ್ಲಿ ಫ್ರಾನ್ಸಿನ ಜನಪ್ರಿಯ ತಾಣವೊಂದರ ಸಾಮಾನ್ಯ ಭೇಟಿಗಾರರಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾದರಿಗಳನ್ನು ಪಡೆದು ನೋಡಿದಾಗ ವಿಶಿಷ್ಟವಾಗಿದ್ದವು ಶೇ 33.6 ಮಾತ್ರ, ಮೊಬೈಲ್ ಫೋನ್‌ಗಳಲ್ಲಂತೂ ಶೇ 18.5. ಮೊದಲ ಅಂಕಿಯನ್ನಷ್ಟೇ ಹೇಳಿ ಹೆದರಿಸುವ ಬರಹಗಳು ಬಹಳ ಇವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ನ್ಯಾಯ.

ಕನ್ನಡಿಗರು ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಬ್ರೌಸರ್‌ನ ಮೊದಲ ಆದ್ಯತೆಯ ಭಾಷೆಯನ್ನು ಕನ್ನಡ ಎಂದು ಇಟ್ಟಿದ್ದರೆ ಪ್ರತಿ ತಾಣಕ್ಕೂ ಆ ವಿಷಯ ತಿಳಿಯುತ್ತದೆ; ನುಡಿ ಅಥವಾ ಬರಹ ತಂತ್ರಾಂಶದ ಜೊತೆ ಬಂದ ಅಕ್ಷರಶೈಲಿಗಳು ಗಣಕದಲ್ಲಿದ್ದರೆ ಅವುಗಳ ಇರುವಿಕೆಯನ್ನೂ ಪತ್ತೆ ಮಾಡಬಹುದು. ಬೆಂಗಳೂರಿನಲ್ಲಿ ಇದು ನಿಮ್ಮನ್ನು ಹೆಚ್ಚು ಎದ್ದು ಕಾಣಿಸುವುದಿಲ್ಲ, ಆದರೆ ಜರ್ಮನಿಯ ಒಂದು ಸಣ್ಣ ಪಟ್ಟಣದಲ್ಲಿ ಕನ್ನಡದ ಬ್ರೌಸರ್ ಅಪರೂಪವೇ ಸರಿ. ಅದಕ್ಕಾಗಿ ಕನ್ನಡವನ್ನು ಕೈಬಿಡಿ ಎಂದು ನಾನು ಖಂಡಿತ ಹೇಳಲಾರೆ. ಇತರ ಗುರುತುಗಳನ್ನು ಕಡಿಮೆ ಮಾಡಿಕೊಳ್ಳಿ: ಅನಗತ್ಯ ಎಕ್ಸ್‌ಟೆನ್ಷನ್‌ಗಳನ್ನು ತೆಗೆಯಿರಿ, ಬ್ರೌಸರ್ ಅನ್ನು ನವೀಕರಿಸುತ್ತಿರಿ, ತಿಳಿದಿರುವ ಫಿಂಗರ್‌ಪ್ರಿಂಟ್ ಸ್ಕ್ರಿಪ್ಟ್‌ಗಳನ್ನು ತಡೆಯುವ ಫೈರ್‌ಫಾಕ್ಸ್‌ನಂಥ ಬ್ರೌಸರ್ ಬಳಸಿ. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಈಗಲೂ ‘ಕವರ್ ಯುವರ್ ಟ್ರ್ಯಾಕ್ಸ್’ ಎಂಬ ಹೆಸರಿನಲ್ಲಿ ನಡೆಸುತ್ತಿರುವ ಉಚಿತ ಪರೀಕ್ಷೆಯಲ್ಲಿ ನಿಮ್ಮ ಬ್ರೌಸರ್‌ನ ಸ್ಥಿತಿಯನ್ನು ನೋಡಿಕೊಳ್ಳಬಹುದು.

ಹಂತ 4: ಬದುಕಿನ ಭಾಗಗಳನ್ನು ಬೇರ್ಪಡಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಪಾಲಿಸಲು ಮನಸ್ಸಿದ್ದವರು ಇದನ್ನು ಪಾಲಿಸಲಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ‘ಪ್ರೊಫೈಲ್’ ಎಂಬ ವ್ಯವಸ್ಥೆಯಿದೆ. ಪ್ರತಿ ಪ್ರೊಫೈಲ್‌ಗೂ ತನ್ನದೇ ಕುಕಿಗಳು, ಚರಿತ್ರೆ, ಪಾಸ್‌ವರ್ಡ್‌ಗಳು ಮತ್ತು ಎಕ್ಸ್‌ಟೆನ್ಷನ್‌ಗಳು ಇರುತ್ತವೆ. ಕ್ರೋಮ್‌ನಲ್ಲಿ ಬಲ ಮೇಲ್ತುದಿಯ ಚಿತ್ರದ ಮೇಲೆ ಒತ್ತಿ ಹೊಸ ಪ್ರೊಫೈಲ್ ಸೇರಿಸಬಹುದು.

ಮೂರು ಪ್ರೊಫೈಲ್‌ಗಳು ಹೆಚ್ಚಿನವರಿಗೆ ಸಾಕು. ಮೊದಲನೆಯದು ಹಣದ್ದು: ಬ್ಯಾಂಕ್, ಆದಾಯ ತೆರಿಗೆ, ಷೇರು, ವಿಮೆ. ಇದರಲ್ಲಿ ಯಾವ ಎಕ್ಸ್‌ಟೆನ್ಷನ್ ಕೂಡ ಬೇಡ, ಅಥವಾ ಪಾಸ್‌ವರ್ಡ್‌ಗಳನ್ನು ಕಾಪಾಡಿ ತುಂಬಿಕೊಡುವ ಪಾಸ್‌ವರ್ಡ್ ಮ್ಯಾನೇಜರ್ ಒಂದೇ ಇರಲಿ. ಹುಡುಕಾಟ ಬೇಡ, ಇಮೇಲ್‌ನಲ್ಲಿ ಬಂದ ಲಿಂಕ್ ತೆರೆಯುವುದು ಬೇಡ, ಬುಕ್‌ಮಾರ್ಕ್ ಮಾಡಿಟ್ಟ ವಿಳಾಸಗಳಿಗಷ್ಟೇ ಹೋಗಿ. ಎರಡನೆಯದು ಹೆಸರಿನದ್ದು: ಇಮೇಲ್, ಸಾಮಾಜಿಕ ಜಾಲತಾಣ, ಕಚೇರಿ, ಅಂದರೆ ನೀವು ಯಾರೆಂದು ಎದುರಿನವರಿಗೆ ತಿಳಿದಿರಲೇಬೇಕಾದ ಎಲ್ಲವೂ. ಮೂರನೆಯದು ಓದಿನದ್ದು: ಸುದ್ದಿ, ಆರೋಗ್ಯ, ಕಾನೂನು, ಕುತೂಹಲ. ಇಲ್ಲಿ ಯಾವ ಖಾತೆಗೂ ಲಾಗಿನ್ ಆಗಬೇಡಿ ಮತ್ತು ಬ್ರೌಸರ್ ಮುಚ್ಚಿದಾಗ ಕುಕಿಗಳೆಲ್ಲ ಅಳಿಸಿಹೋಗುವಂತೆ ಹೊಂದಿಸಿ. ಮಗಳ ಮದುವೆಯ ಖರ್ಚು, ತಾಯಿಯ ಕ್ಯಾನ್ಸರ್ ಚಿಕಿತ್ಸೆ, ಬದಲಿಸಬೇಕೆಂದಿರುವ ಕೆಲಸ ಇವುಗಳ ಬಗ್ಗೆ ನೀವು ಓದುವುದು ನಿಮ್ಮ ಹೆಸರಿನ ಖಾತೆಯ ಜೊತೆ ಒಂದೇ ಕುಕಿಯಲ್ಲಿ ಸೇರಿಕೊಳ್ಳುವುದನ್ನು ಈ ಸರಳ ವಿಂಗಡಣೆ ತಪ್ಪಿಸುತ್ತದೆ. ಮನೆಯ ಒಂದೇ ಸಂಪರ್ಕದಿಂದ ಹೋಗುವ ಕಾರಣ ಮೂರಕ್ಕೂ ಐಪಿ ವಿಳಾಸ, ಅಂದರೆ ಅಂತರ್ಜಾಲದಲ್ಲಿ ನಿಮ್ಮ ಸಂಪರ್ಕದ ಸಂಖ್ಯೆ, ಒಂದೇ ಆಗಿರುತ್ತದೆಂಬುದು ನಿಜ, ಹಾಗಾಗಿ ಇದು ಪರಿಪೂರ್ಣವಲ್ಲ.

ಫೋನ್‌ನಲ್ಲಿ ಎರಡು ಬೇರೆ ಬ್ರೌಸರ್‌ಗಳನ್ನು ಇಟ್ಟುಕೊಂಡು, ಒಂದನ್ನು ಹೆಸರಿನ ಕೆಲಸಕ್ಕೂ ಇನ್ನೊಂದನ್ನು ಓದಿಗೂ ಮೀಸಲಿಡುವುದು ಸುಲಭ. ಜೊತೆಗೆ ಗೂಗಲ್ ಖಾತೆಯ ‘ಮೈ ಆಕ್ಟಿವಿಟಿ’ ಪುಟಕ್ಕೆ ಹೋಗಿ, ಹುಡುಕಾಟ ಮತ್ತು ಯೂಟ್ಯೂಬ್ ಚರಿತ್ರೆಗಳು 3 ತಿಂಗಳ ನಂತರ ತಾವಾಗಿಯೇ ಅಳಿಯುವಂತೆ ಮಾಡಿಕೊಳ್ಳಿ.

ಹಂತ 5: ಇನ್‌ಕಾಗ್ನಿಟೊವನ್ನು ಅದರ ಜಾಗದಲ್ಲಿ ಬಳಸಿ

ಇನ್‌ಕಾಗ್ನಿಟೊ, ಅಂದರೆ ಬ್ರೌಸರ್‌ನ ಖಾಸಗಿ ಕಿಟಕಿಯು, ಅದೇ ಸಾಧನದ ಮೇಲೆ ಚರಿತ್ರೆ ಉಳಿಯದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ನೀವು ಹೋದ ತಾಣ, ಇಂಟರ್ನೆಟ್ ಕೊಡುವ ಕಂಪನಿ, ಕಚೇರಿಯ ನೆಟ್‌ವರ್ಕ್ ಇವರಾರ ಕಣ್ಣಿಗೂ ಅದು ಮರೆಯೊಡ್ಡುವುದಿಲ್ಲ. ಷಿಕಾಗೊ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಹ್ಯಾನೋವರ್‌ನ ಸಂಶೋಧಕರು 2018ರಲ್ಲಿ 460 ಜನರನ್ನು ಪರೀಕ್ಷಿಸಿದಾಗ, ಬ್ರೌಸರ್‌ನವರೇ ಕೊಡುವ ವಿವರಣೆಯನ್ನು ಓದಿದ ಮೇಲೂ ಅನೇಕರಲ್ಲಿ ತಪ್ಪು ಕಲ್ಪನೆಗಳು ಉಳಿದಿದ್ದವು.

ಹಾಗೆಂದು ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಅದೇ 2018ರಲ್ಲಿ ಭಾರತ, ಪಾಕಿಸ್ತಾನ ಮತ್ತು ಬಾಂಗ್ಲಾದೇಶದ 199 ಮಹಿಳೆಯರನ್ನು ಮಾತನಾಡಿಸಿ ನಡೆಸಿದ ಅಧ್ಯಯನವೊಂದು, ಫೋನನ್ನು ಮನೆಮಂದಿ ಹಂಚಿಕೊಳ್ಳುವ ನಮ್ಮ ಕಡೆ ಮಹಿಳೆಯರು ಆ್ಯಪ್ ಲಾಕ್ ಹಾಕಿ, ಬೇಕಾದ ಸಂದೇಶ ಅಥವಾ ಹುಡುಕಾಟವನ್ನಷ್ಟೇ ಅಳಿಸಿ, ಖಾಸಗಿ ಕಿಟಕಿ ಬಳಸಿ ತಮ್ಮ ಜಾಗವನ್ನು ಕಾಪಾಡಿಕೊಳ್ಳುವ ಬಗೆಯನ್ನು ದಾಖಲಿಸಿತು. ಪಕ್ಕದಲ್ಲೇ ಇರುವವರ ಕಣ್ಣಿನಿಂದ ತಪ್ಪಿಸಿಕೊಳ್ಳಬೇಕಾದವರಿಗೆ ಇನ್‌ಕಾಗ್ನಿಟೊ ನಿಜವಾಗಿಯೂ ನೆರವಾಗುತ್ತದೆ. ಅಂಥವರು ಆಂಡ್ರಾಯ್ಡ್ ಕ್ರೋಮ್‌ನ ಪ್ರೈವಸಿ ಅಂಡ್ ಸೆಕ್ಯೂರಿಟಿ ವಿಭಾಗದಲ್ಲಿ, ಕ್ರೋಮ್‌ನಿಂದ ಹೊರಬಂದಾಗ ಇನ್‌ಕಾಗ್ನಿಟೊ ಟ್ಯಾಬ್‌ಗಳಿಗೆ ಬೀಗ ಬೀಳುವ ಆಯ್ಕೆಯನ್ನೂ ಆನ್ ಮಾಡಿಕೊಳ್ಳಬೇಕು. ಚರಿತ್ರೆಯನ್ನು ಪೂರ್ತಿ ಅಳಿಸಿದರೆ ಅದೇ ಅನುಮಾನಕ್ಕೆ ಕಾರಣವಾಗಬಹುದಾದ ಮನೆಗಳಲ್ಲಿ, ಬೇಕಾದ ಸಾಲುಗಳನ್ನಷ್ಟೇ ಅಳಿಸುವುದು ಜಾಣತನ.

ಹಂತ 6: ಎಕ್ಸ್‌ಟೆನ್ಷನ್ ಮತ್ತು ನೋಟಿಫಿಕೇಷನ್‌ಗಳನ್ನು ಶೋಧಿಸಿ

‘ಎಲ್ಲ ತಾಣಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದಬಹುದು, ಬದಲಿಸಬಹುದು’ ಎಂಬ ಅನುಮತಿ ಪಡೆದ ಎಕ್ಸ್‌ಟೆನ್ಷನ್ ನಿಮ್ಮ ಬ್ಯಾಂಕಿನ ಪುಟವನ್ನೂ ಓದಬಲ್ಲದು. ರಕ್ಷಣೆಯ ಹೆಸರಿನಲ್ಲಿ ಅಳವಡಿಸಿಕೊಂಡ ಸಾಧನವೂ ಇದಕ್ಕೆ ಹೊರತಲ್ಲ: ಆ್ಯಂಟಿವೈರಸ್ ಕಂಪನಿ ಅವಾಸ್ಟ್ ತನ್ನ ಎಕ್ಸ್‌ಟೆನ್ಷನ್ ಮತ್ತು ತಂತ್ರಾಂಶಗಳ ಮೂಲಕ ಸಂಗ್ರಹಿಸಿದ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯಿಂದ ಮಾರಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ, 2024ರಲ್ಲಿ 1.65 ಕೋಟಿ ಡಾಲರ್ ಪಾವತಿಸುವಂತೆ ಮಾಡಿತು. ಎಕ್ಸ್‌ಟೆನ್ಷನ್ ಪಟ್ಟಿಯನ್ನು ತೆರೆದು, ಕಳೆದ ತಿಂಗಳು ಬಳಸದಿದ್ದುದನ್ನೆಲ್ಲ ತೆಗೆಯಿರಿ. ಫೋನಿನಲ್ಲಿ ‘ವೈರಸ್ ಬಂದಿದೆ’ ಎಂದು ಹೆದರಿಸುವ ಸೂಚನೆಗಳು ಬರುತ್ತಿದ್ದರೆ, ಅವುಗಳ ಮೂಲ ಬಹುಮಟ್ಟಿಗೆ ಎಂದೋ ‘ಅಲೋ’ ಒತ್ತಿದ ಯಾವುದೋ ತಾಣ. ಸೈಟ್ ಸೆಟ್ಟಿಂಗ್ಸ್‌ನ ನೋಟಿಫಿಕೇಷನ್ಸ್ ಪಟ್ಟಿಯಲ್ಲಿ ಆ ತಾಣವನ್ನು ಹುಡುಕಿ ತೆಗೆದರೆ ಅವು ನಿಲ್ಲುತ್ತವೆ.

ಹಂತ 7: ಸಂಪರ್ಕದ ದಾರಿ

ವಿಳಾಸ ಎಚ್‌ಟಿಟಿಪಿಎಸ್‌ನಿಂದ ಆರಂಭವಾಗಿದ್ದರೆ ನಿಮಗೂ ತಾಣಕ್ಕೂ ನಡುವಿನ ಇಂಟರ್ನೆಟ್ ಕಂಪನಿಯಂಥವರಿಗೆ ಪುಟದ ವಿಷಯ ಕಾಣಿಸದು, ತಾಣದ ಹೆಸರು ಮಾತ್ರ ಸಾಮಾನ್ಯವಾಗಿ ಕಾಣಿಸುತ್ತದೆ. ಆದರೆ ತಾಣ ಪ್ರಾಮಾಣಿಕವೆಂಬುದಕ್ಕೆ ಅದು ಸಾಕ್ಷಿಯಲ್ಲ. ವಂಚಕರ ತಾಣಗಳೂ ಎಚ್‌ಟಿಟಿಪಿಎಸ್ ಬಳಸುತ್ತವೆ. ಜನರು ಬೀಗದ ಚಿಹ್ನೆಯನ್ನು ನಂಬಿಕೆಯ ಗುರುತೆಂದು ತಿಳಿಯುತ್ತಿದ್ದ ಕಾರಣಕ್ಕೇ ಕ್ರೋಮ್ 2023ರಲ್ಲಿ ಅದನ್ನು ತೆಗೆದುಹಾಕಿತು. ತಾಣದ ಹೆಸರನ್ನು ಹುಡುಕುವ ಡಿಎನ್‌ಎಸ್ ವಿನಂತಿಗಳನ್ನು ಗೂಢಲಿಪಿಗೊಳಿಸಲು, ಕ್ರೋಮ್‌ನ ಸೆಕ್ಯೂರಿಟಿ ಪುಟದಲ್ಲಿ ಸೆಕ್ಯೂರ್ ಡಿಎನ್‌ಎಸ್ ಅನ್ನೂ, ಆಂಡ್ರಾಯ್ಡ್ 9 ಮತ್ತು ನಂತರದ ಫೋನ್‌ಗಳಲ್ಲಿ ಪ್ರೈವೇಟ್ ಡಿಎನ್‌ಎಸ್ ಅನ್ನೂ ಆನ್ ಮಾಡಿ.

ನಿಮ್ಮ ಸಂಪರ್ಕವನ್ನು ಬೇರೊಂದು ಕಂಪನಿಯ ಸರ್ವರ್ ಮೂಲಕ ಸಾಗಿಸುವ ವಿಪಿಎನ್ ಬಗ್ಗೆ ಜಾಹೀರಾತುಗಳು ಹೇಳುವುದೇ ಹೆಚ್ಚು. ಅದು ನಿಮ್ಮ ಇಂಟರ್ನೆಟ್ ಕಂಪನಿಯ ಮೇಲಿನ ನಂಬಿಕೆಯನ್ನು ವಿಪಿಎನ್ ಕಂಪನಿಯ ಮೇಲೆ ವರ್ಗಾಯಿಸುತ್ತದೆ. ಕುಕಿಯನ್ನಾಗಲಿ ಫಿಂಗರ್‌ಪ್ರಿಂಟ್ ಅನ್ನಾಗಲಿ ಮುಟ್ಟುವುದಿಲ್ಲ. ಭಾರತದಲ್ಲಿ ಸೈಬರ್ ಭದ್ರತೆಯ ಸರ್ಕಾರಿ ಸಂಸ್ಥೆಯಾದ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಸೇವೆದಾರರು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು, ಮತ್ತು ಇದನ್ನು ಒಪ್ಪದ ಕೆಲವು ವಿದೇಶಿ ಕಂಪನಿಗಳು ಇಲ್ಲಿನ ಸರ್ವರ್‌ಗಳನ್ನು ತೆಗೆದವು. ಉಚಿತ ವಿಪಿಎನ್ ಆ್ಯಪ್‌ಗಳಿಂದ ದೂರವಿರಿ.

ಹಂತ 8: ಖಾತೆಗಳಿಗೆ ಬೀಗ

ಪಾಸ್‌ವರ್ಡ್ ಮ್ಯಾನೇಜರ್‌ನ ದೊಡ್ಡ ಉಪಕಾರವನ್ನು ಹಲವರು ಗಮನಿಸುವುದಿಲ್ಲ. ಅದು ಉದ್ದನೆಯ ಪಾಸ್‌ವರ್ಡ್ ನೆನಪಿಡುವುದಷ್ಟೇ ಅಲ್ಲ, ವಿಳಾಸವನ್ನು ಅಕ್ಷರಶಃ ಹೋಲಿಸಿ ನೋಡುತ್ತದೆ. ನಕಲಿ ಪುಟ ಎಷ್ಟೇ ಅಚ್ಚುಕಟ್ಟಾಗಿದ್ದರೂ ವಿಳಾಸ ಬೇರೆಯಾದ್ದರಿಂದ ಅದು ಪಾಸ್‌ವರ್ಡ್ ತುಂಬುವುದಿಲ್ಲ. ತಾನಾಗಿ ತುಂಬದಿದ್ದಾಗ ಕೈಯಿಂದ ಬರೆಯಲು ಹೋಗದೆ, ವಿಳಾಸವನ್ನು ಮತ್ತೊಮ್ಮೆ ಓದಿ. ಭಾರತೀಯ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕ್‌ಗಳಿಗೂ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗುವಂತೆ ಸೂಚಿಸಿತ್ತು. ಹಣದ ಪ್ರೊಫೈಲ್‌ನ ಬುಕ್‌ಮಾರ್ಕ್‌ಗಳು ಆ ಕೊನೆಯನ್ನು ಹೊಂದಿವೆಯೇ ಎಂದು ಈಗಲೇ ನೋಡಿ.

ಪಾಸ್‌ವರ್ಡ್ ಕೊಟ್ಟ ಮೇಲೂ ಇನ್ನೊಂದು ಪುರಾವೆ ಕೇಳುವ ಎರಡು ಹಂತದ ದೃಢೀಕರಣವನ್ನು ಎಲ್ಲೆಡೆ ಆನ್ ಮಾಡಿ, ಇಮೇಲ್‌ನಿಂದ ಆರಂಭಿಸಿ. ಗೂಗಲ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಎಸ್‌ಎಂಎಸ್ ಮೂಲಕ ಬರುವ ಸಂಖ್ಯೆಯು ಸಗಟಾಗಿ ನಡೆಯುವ ಫಿಶಿಂಗ್, ಅಂದರೆ ನಕಲಿ ಪುಟ ತೋರಿಸಿ ಗುಟ್ಟು ಕದಿಯುವ, ದಾಳಿಗಳಲ್ಲಿ ಶೇ 96ರಷ್ಟನ್ನು ತಡೆದರೂ, ಒಬ್ಬರನ್ನೇ ಗುರಿಯಿಟ್ಟು ನಡೆಸುವ ದಾಳಿಗಳಲ್ಲಿ ಶೇ 76ರಷ್ಟನ್ನು ಮಾತ್ರ ತಡೆಯಿತು. ಪಾಸ್‌ವರ್ಡ್ ಬದಲಿಗೆ ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದಲೇ ಲಾಗಿನ್ ಆಗುವ ಪಾಸ್‌ಕೀ ಸೌಲಭ್ಯವಿರುವ ಕಡೆ ಅದನ್ನೇ ಆರಿಸಿ, ಏಕೆಂದರೆ ಅದು ನಕಲಿ ವಿಳಾಸದಲ್ಲಿ ಕೆಲಸವನ್ನೇ ಮಾಡದು.

ಹಂತ 9: ಕಾನೂನು ಮತ್ತು ದೂರು

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ ಪ್ರಕರಣದ ಅರ್ಜಿದಾರರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆನ್ನಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಗಿ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುತ್ತವೆ. ಕಂಪನಿಯ ಬಳಿ ನಿಮ್ಮ ಮಾಹಿತಿ ಏನಿದೆ ಎಂದು ಕೇಳಲು, ತಿದ್ದಿಸಲು, ಅಳಿಸಲು ಕಾಯ್ದೆ ಅವಕಾಶ ಕೊಡುತ್ತದೆ. ಅಲ್ಲಿಯವರೆಗೆ ಕಾಯದೆ, ತಾಣದ ಖಾಸಗಿತನ ನೀತಿಯಲ್ಲಿರುವ ದೂರು ಅಧಿಕಾರಿಯ ವಿಳಾಸಕ್ಕೆ ಇಮೇಲ್ ಬರೆದು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಹಣವೇ ಹೋಗಿದ್ದರೆ ತಡಮಾಡುವಂತಿಲ್ಲ. ಮೊದಲು ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೆ ಕರೆ ಮಾಡಿ, ಏಕೆಂದರೆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಸರಿಯುವ ಮುನ್ನ ಅದನ್ನು ತಡೆಹಿಡಿಯಲು ಅಲ್ಲಿಂದ ಬ್ಯಾಂಕ್‌ಗಳಿಗೆ ನೇರ ಸೂಚನೆ ಹೋಗುತ್ತದೆ. ಕೂಡಲೇ ನಿಮ್ಮ ಬ್ಯಾಂಕಿಗೂ ತಿಳಿಸಿ ಕಾರ್ಡ್ ಮತ್ತು ನೆಟ್ ಬ್ಯಾಂಕಿಂಗ್ ನಿಲ್ಲಿಸಿ, ನಂತರ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ಲಿಖಿತ ದೂರು ದಾಖಲಿಸಿ. ವಹಿವಾಟಿನ ಸಂಖ್ಯೆ, ದಿನಾಂಕ ಮತ್ತು ಸಮಯ, ವಂಚಕರ ಪುಟದ ಪೂರ್ಣ ವಿಳಾಸ, ಬಂದ ಸಂದೇಶಗಳ ಸ್ಕ್ರೀನ್‌ಶಾಟ್ ಇವು ದೂರಿಗೆ ಬೇಕಾಗುತ್ತವೆ. ಆದ್ದರಿಂದ ಭಯದಲ್ಲಿ ಬ್ರೌಸರ್‌ನ ಚರಿತ್ರೆಯನ್ನಾಗಲಿ ಸಂದೇಶಗಳನ್ನಾಗಲಿ ಅಳಿಸಬೇಡಿ, ದೂರಿನ ಸ್ವೀಕೃತಿ ಸಂಖ್ಯೆಯನ್ನು ಫೋನಿನಲ್ಲಷ್ಟೇ ಅಲ್ಲದೆ ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.